ನೀರುಗಂಟಿ ಕೇಳಿದ ಕೊಸರು

ಸಿರುಗುಪ್ಪದ ಸುತ್ತಮುತ್ತ ಹುಲುಗೇಶನನ್ನು ಹೊಗಳಿದವರು ಹುಡುಕಿದರೂ ಸಿಗುವುದಿಲ್ಲ. ತಪ್ಪು ಅವನದಲ್ಲ, ಅವನ ಕೆಲಸದ್ದು. ಇಪ್ಪತ್ತೆರಡು ವರ್ಷದಿಂದ ಅವನು ಉಪಕಾಲುವೆಯೊಂದರ ನೀರುಗಂಟಿ. ತೂಬಿನ ಗೇಟು ಎತ್ತುವುದು, ಇಳಿಸುವುದು, ಯಾರ ಹೊಲಕ್ಕೆ ಯಾವ ದಿನ ಎಷ್ಟು ಹೊತ್ತು ನೀರು ಎಂಬ ಸರದಿ ಕಾಯುವುದು ಅವನ ಪಾಲಿಗೆ ಬಂದದ್ದು. ಕಾಲುವೆ ಶುರುವಾಗುವ ತಲೆಭಾಗದಲ್ಲಿ ಗೇಟು ಇಳಿಸಿದರೆ ಅಲ್ಲಿಯವರು ಬೈಯುತ್ತಾರೆ. ಇಳಿಸದಿದ್ದರೆ ರಾರಾವಿ ದಿಕ್ಕಿನ ಕೊನೆಭಾಗದವರು ಬೈಯುತ್ತಾರೆ. ಮಳೆ ಹದವಾಗಿ ಬಂದ ವರ್ಷವಾದರೂ ನೆಮ್ಮದಿ ಉಂಟೇ? ನೀರು ಜಾಸ್ತಿಯಾಗಿ ಪೈರು ಕೊಳೆಯಿತು ಎಂದು ಎರಡೂ ಕಡೆಯವರು ಒಗ್ಗಟ್ಟಾಗಿ ಬೈಯುತ್ತಾರೆ.

ಬೈಗುಳ ಅವನಿಗೆ ಅಭ್ಯಾಸವಾಗಿತ್ತು. ಅಭ್ಯಾಸವಾಗದೆ ಉಳಿದದ್ದು ಬೇರೆಯೇ ಒಂದು ಸಂಕಟ. ತಾನು ದಿನವಿಡೀ ಏನು ಮಾಡುತ್ತೇನೆ ಎಂಬುದು ಮನೆಯವರಿಗೂ ಗೊತ್ತಿಲ್ಲವಲ್ಲ ಎಂಬುದು. ಹೆಂಡತಿ ಕಾವೇರಿ ಕುರುಗೋಡಿನವಳು. ಮಾತಿನಲ್ಲಿ ಖಾರ, ಅಡುಗೆಯಲ್ಲಿ ಇನ್ನೂ ಖಾರ. ಬೆಳಿಗ್ಗೆ ಅವಳು ಕಟ್ಟಿಕೊಟ್ಟ ರೊಟ್ಟಿ ಡಬ್ಬಿ ವಾರದಲ್ಲಿ ನಾಲ್ಕು ದಿನ ತುಂಬಿದ್ದು ತುಂಬಿದಂತೆಯೇ ಸಂಜೆ ಮನೆಗೆ ವಾಪಸು ಬರುತ್ತಿತ್ತು. "ನನ್ನ ಕೈ ಅಡಿಗಿ ಸೇರಂಗಿಲ್ಲ ಅಂದ್ರ ಬಾಯಿಬಿಟ್ಟು ಹೇಳು. ಹೋಟೆಲ್ಲಾಗ ಉಗ್ಗಾಣಿ ಮಿರ್ಚಿ ತಿಂದು ಬಂದು ನನ್ನ ರೊಟ್ಟಿ ಒಣಗಿಸಬ್ಯಾಡ" ಎಂದು ಅವಳು ಡಬ್ಬಿ ಕುಕ್ಕುತ್ತಿದ್ದಳು. ಅವನು ಡಬ್ಬಿಯ ಚೀಲವನ್ನು ಗೂಟಕ್ಕೆ ತೂಗುಹಾಕಿ ಕೈಕಾಲು ತೊಳೆಯಲು ಹೋಗುತ್ತಿದ್ದ. ಮಗಳು ನಂದಿನಿ ಐದನೆಯ ತರಗತಿಯಲ್ಲಿದ್ದಾಗ ಅಪ್ಪ ಅಮ್ಮನ ಬಗ್ಗೆ ಪ್ರಬಂಧ ಬರೆದಿದ್ದಳು. ಅಮ್ಮನಿಗೆ ಒಂದೂವರೆ ಪುಟ. ಅಪ್ಪನಿಗೆ ಒಂದೇ ಸಾಲು: 'ನಮ್ಮ ತಂದೆ ಗೇಟು ತಿರುಗಿಸುತ್ತಾರೆ.' ಆ ಸಾಲು ಹುಲುಗೇಶನ ಎದೆಯಲ್ಲಿ ಮುರಿದ ಮುಳ್ಳಿನಂತೆ ಉಳಿದುಬಿಟ್ಟಿತ್ತು. ಅವನಿಗೆ ಬೇಕಿದ್ದದ್ದು ಹೊಗಳಿಕೆಯಲ್ಲ. ಯಾರಾದರೂ ಒಬ್ಬರು, ಒಂದೇ ಒಂದು ತಾಸು, ತನ್ನ ಜಾಗದಲ್ಲಿ ಕುಳಿತು ನೋಡಲಿ ಎಂಬುದಷ್ಟೇ ಅವನ ಆಸೆ.

ಇಂಥ ಮನುಷ್ಯನಿಗೆ ಕಂಪ್ಯೂಟರ್ ಆಟದ ಹುಚ್ಚು ಹಿಡಿದದ್ದಕ್ಕೂ ಕಾಲುವೆಯೇ ಕಾರಣ. ಬೇಸಿಗೆಯಲ್ಲಿ ಕಾಲುವೆಗೆ ನೀರು ನಿಲ್ಲಿಸುತ್ತಾರೆ. ಕೆಲಸವಿಲ್ಲದ ಬಡಗಿ ಮಗನ ಅಂಡು ಕೆತ್ತಿದನಂತೆ. ನಮ್ಮ ನೀರುಗಂಟಿ ಮಗಳ ಲ್ಯಾಪ್‌ಟಾಪಿನ ಮುಂದೆ ಕುಳಿತ. ನಂದಿನಿ ಆಗ ಬಳ್ಳಾರಿಯಲ್ಲಿ ಡಿಗ್ರಿ ಓದುತ್ತಿದ್ದಳು, ಶನಿವಾರ ಬಸ್ಸಿಗೆ ಬಂದು ಸೋಮವಾರ ಬೆಳಿಗ್ಗೆ ಹೋಗುವಳು. ಅವಳೇ ತೋರಿಸಿಕೊಟ್ಟದ್ದು. ರಾಜ್ಯ ಕಟ್ಟುವ ಆಟ. ಅದರ ಇಂಗ್ಲಿಷ್ ಹೆಸರಿಗೆ ಹುಲುಗೇಶನ ನಾಲಿಗೆ ಹೊರಳದು, ಅದಕ್ಕೇ ಅವನು 'ಏಳು ನಾಡು' ಎಂದು ನಾಮಕರಣ ಮಾಡಿದ. ಏಳು ಊರು, ಒಂದು ಹೊಳೆ, ಒಬ್ಬ ರಾಜ. ಹೊಲ ಮಾಡಿಸಬೇಕು, ಕೋಟೆ ಕಟ್ಟಿಸಬೇಕು, ಪಕ್ಕದ ರಾಜ ಬಂದರೆ ಕಾದಾಡಬೇಕು, ಇಲ್ಲವೇ ಹೆಣ್ಣು ಕೊಟ್ಟು ಬೀಗತನ ಬೆಳೆಸಬೇಕು. ಯೋಚನೆ ಮಾಡಿದಷ್ಟೂ ಹೊತ್ತು ಆಟ ಕಾಯುತ್ತದೆ. ಇದು ಅವನಿಗೆ ಬಹಳ ಹಿಡಿಸಿತು. ಜೀವಮಾನದಲ್ಲಿ ಅವನು ಯೋಚನೆ ಮಾಡಲಿ ಎಂದು ಕಾದದ್ದು ಅದೊಂದೇ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ ಡುಮ್ಕಿ ಹೊಡೆದವನು ಎರಡು ಬೇಸಿಗೆಯಲ್ಲಿ ಆ ಆಟದ ಗುಂಡಿಗಳನ್ನೆಲ್ಲ ಗುರುತು ಹಿಡಿದುಕೊಂಡ.

ಆಮೇಲೆ ಒಂದು ದಿನ ನಂದಿನಿ ಹೇಳಿದಳು, ಈ ಆಟಕ್ಕೆ ಇನ್ನೊಂದು ತುಂಡು ಬಂದಿದೆ, ಡಿಎಲ್‌ಸಿ ಅನ್ನುತ್ತಾರೆ, ದುಡ್ಡು ಕೊಟ್ಟು ಇಳಿಸಿಕೊಳ್ಳಬೇಕು ಎಂದು.

"ಆಟ ಆಗಲೇ ಕೊಂಡೀವಲ್ಲಮ್ಮಾ?"

"ಇದು ಅದರ ಮ್ಯಾಲಿಂದು ಅಪ್ಪಾ."

"ಮ್ಯಾಲಿಂದು ಅಂದ್ರ ಕೊಸರು." ತರಕಾರಿ ತೂಗಿದ ಮೇಲೆ ಮಾರುವಾಕೆ ಒಂದು ಹಿಡಿ ಕೊತ್ತಂಬರಿ ಎಸೆಯುತ್ತಾಳಲ್ಲ, ಅದು ಅವನ ಲೆಕ್ಕದ ಕೊಸರು. "ಕೊಸರಿಗೆ ದುಡ್ಡು ಇಸ್ಕೊಳ್ಳೋದು ಯಾವ ಸೀಮ್ಯಾಗ ಐತಿ?"

ಹಾಗೆಂದರೂ ಕೊಂಡ. ಆಸೆ ಯಾರ ಅಪ್ಪನ ಮನೆಯದು! ಇಳಿಸಿಕೊಂಡು ನೋಡಿದರೆ ರಾಜನಿಗೆ ಹೊಸ ಸಿಂಹಾಸನ, ಹೊಸ ಕಿರೀಟ, ಕೋಟೆ ಬಾಗಿಲಿಗೆ ಬಂಗಾರದ ಬಣ್ಣ. ಮಿಕ್ಕದ್ದೆಲ್ಲ ಅದೇ ಆಟ. ಹುಲುಗೇಶನ ಪಿತ್ತ ನೆತ್ತಿಗೇರಿತು. "ಎತ್ತಿನ ಕೊಂಬಿಗೆ ಬಣ್ಣ ಹಚ್ಚಿದ್ರ ಉಳುಮಿ ಜಾಸ್ತಿ ಆಗತೈತೇನು?" ಎಂದು ಎರಡು ದಿನ ಮನೆಯಲ್ಲಿ ಗೊಣಗಿದ. ಕಾವೇರಿಗೆ ಇದೆಲ್ಲ ಅರ್ಥವಾಗಲಿಲ್ಲ, ಆದರೆ ಗಂಡ ಬೇರೆ ಯಾರನ್ನೋ ಬೈಯುತ್ತಿದ್ದಾನಲ್ಲ ಎಂದು ಒಳಗೊಳಗೇ ಖುಷಿಪಟ್ಟಳು.

ಆ ಆಟ ಮಾಡಿದವರು ಹಿಮ ಬೀಳುವ ಯಾವುದೋ ದೇಶದವರು, ಮೂರೇ ಜನರ ಕಂಪನಿ. ಅವರಿಗೂ ಬೈಗುಳ ತಟ್ಟಿರಬೇಕು. ಜೂನ್ ತಿಂಗಳಲ್ಲಿ ತಮ್ಮ ಜಾಲತಾಣದಲ್ಲಿ ಆಡುವವರನ್ನೇ ಕೇಳಿದರು: ಮುಂದಿನ ತುಂಡಿನಲ್ಲಿ ನಿಮಗೇನು ಬೇಕು? ನಂದಿನಿ ಓದಿ ಹೇಳುತ್ತಾ ಹೋದಳು, ಹುಲುಗೇಶ ಕಂಬಕ್ಕೊರಗಿ ಕೇಳುತ್ತಾ ಕುಳಿತ. ಒಬ್ಬನಿಗೆ ಹನ್ನೆರಡು ರಾಣಿಯರು ಬೇಕಂತೆ. ಇನ್ನೊಬ್ಬನಿಗೆ ಕಬ್ಬಿಣದ ಅಂಗಿ ತೊಟ್ಟ ಆನೆ. ಮತ್ತೊಬ್ಬ ಸಿಟ್ಟಿನವನು, ಊಟಕ್ಕೆ ಕರೆದು ಎಲೆಯಿಂದ ಉಪ್ಪು ತೆಗೆದಿಟ್ಟು ಆಮೇಲೆ ಆ ಉಪ್ಪನ್ನೇ ಬೇರೆ ಮಾರಬೇಡಿ, ಮೊದಲೇ ಇರಬೇಕಾದದ್ದನ್ನು ಮೊದಲೇ ಕೊಡಿ ಎಂಬ ಅರ್ಥದಲ್ಲಿ ಝಾಡಿಸಿದ್ದ. "ಇವ ನಮ್ಮ ಕಡಿಯವ ಇರಬೇಕು" ಎಂದ ಹುಲುಗೇಶ. ಕೊನೆಗೆ ಯಾರೋ ಎರಡೇ ಸಾಲು ಬರೆದಿದ್ದರು: ಹೊಸ ಸಾಮಾನು ಬೇಡ, ನಾನು ಯೋಚಿಸುವ ರೀತಿಯೇ ಬದಲಾಗುವಂಥದ್ದು ಏನಾದರೂ ಕೊಡಿ, ಅದಕ್ಕಾದರೆ ದುಡ್ಡು ಕೊಡುತ್ತೇನೆ.

ಹುಲುಗೇಶ ಕಂಬ ಬಿಟ್ಟು ನೆಟ್ಟಗೆ ಕುಳಿತ. "ಬರ್ಕೊಳಮ್ಮಾ ನಂದು" ಎಂದ.

"ಸ್ವಾಮೀ, ನಿಮ್ಮ ಆಟದಾಗ ಕಾಲುವಿ ತೋಡಿದ ಕೂಡ್ಲೇ ಏಳು ಊರಿಗೂ ಒಂದೇ ಸಮ ನೀರು ಹೋಗತೈತಿ. ನಾನು ಇಪ್ಪತ್ತೆರಡು ವರ್ಷದಿಂದ ಕಾಲುವಿ ಮ್ಯಾಲ ಅದೀನಿ, ಹಂಗ ಹೋಗಿದ್ದು ಒಂದಿನಾನೂ ನೋಡಿಲ್ಲ. ಮೊದ್ಲನೇ ಊರಿನವ ನೀರು ಬಿಡಂಗಿಲ್ಲ, ಕೊನೇ ಊರಿನವಗ ನೀರು ಮುಟ್ಟಂಗಿಲ್ಲ. ರಾಜಗ ಇದು ಗೊತ್ತಾಗಂಗಿಲ್ಲ. ಗೊತ್ತಾಗೋದು ಗೇಟಿನ ಹತ್ರ ನಿಂತವಗ. ರಾಜನ ಆಟ ಸಾಕಾತು. ಒಂದು ಆಟದಾಗರ ನಮ್ಮನ್ನ ನೀರುಗಂಟಿ ಮಾಡಿ ಕೂಡಿಸ್ರಿ. ಒಂದು ಗೇಟು ಕೊಡ್ರಿ, ಸರದಿ ಕೊಡ್ರಿ, ಬೈಯಾಕ ಏಳು ಊರು ಕೊಡ್ರಿ."

ನಂದಿನಿ ಬರೆಯುವುದು ನಿಲ್ಲಿಸಿ ನಕ್ಕಳು. "ಅಪ್ಪಾ, ದುಡ್ಡು ಕೊಟ್ಟು ಯಾರರ ಬೈಸ್ಕೊಳ್ಳಾಕ ಬರ್ತಾರೇನು?"

"ನನಗ ಪುಕ್ಕಟ್ಟೆ ಸಿಗಾಕತೈತಿ. ಅವರಿಗೆ ದುಡ್ಡಿಗರ ಸಿಗ್ಲಿ."

ಹದಿನೈದು ದಿನ ಕಳೆದು ಕಂಪನಿಯವರು ನೂರಾರು ಬೇಡಿಕೆಗಳಲ್ಲಿ ಮೂರನ್ನು ಆರಿಸಿ ವೋಟಿಗೆ ಇಟ್ಟರು. ಒಂದು, ಒಂಬತ್ತು ಹೊಸ ರಾಜರು. ಎರಡು, ಹಡಗು ಸಮುದ್ರ. ಮೂರು, ಕಾಲುವೆ ಸರದಿ. ಹುಲುಗೇಶನಿಗೆ ಅಂದು ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇದು ಗೆದ್ದರೆ ಲೋಕದ ಯಾವ್ಯಾವುದೋ ಮೂಲೆಯಲ್ಲಿ ಜನ ತನ್ನ ಗೇಟಿನ ಮುಂದೆ ಬಂದು ನಿಲ್ಲುತ್ತಾರೆ. ಅದೇ ಖುಷಿಯಲ್ಲಿ ಸಂತೆಬೀದಿಯ ಸಂಗಮೇಶನ ಮುಂದೆ ಬಾಯಿಬಿಟ್ಟ. ಸಂಗಮೇಶ ಅವನ ಗೆಳೆಯ, ಆನ್‌ಲೈನ್ ಸೆಂಟರ್ ಇಟ್ಟವನು, ಪಹಣಿ ತೆಗೆದುಕೊಡುವುದು, ಅರ್ಜಿ ಹಾಕಿಕೊಡುವುದು ಅವನ ಉದ್ಯೋಗ. ಗೆಳೆಯನಿಗೆ ಉಪಕಾರ ಮಾಡೋಣ ಎಂದು ಅವನು ಅಂಗಡಿಯ ಮುಂದೆ ಒಂದು ಹಾಳೆ ಅಂಟಿಸಿದ: 'ಕಾಲುವೆಗೆ ಸರದಿ ಬೇಕೆನ್ನುವವರು ಇಲ್ಲಿ ವೋಟು ಹಾಕಿರಿ.'

ಅಲ್ಲಿಗೆ ಮುಗಿಯಿತು. ನಮ್ಮ ಕಡೆ ನೀರಿನ ಮಾತಿದ್ದರೆ ಸಾಕು, ಜನ ಬಿಳಿ ಹಾಳೆಗೂ ಸಹಿ ಹಾಕುತ್ತಾರೆ. ಎಂಜಿನಿಯರಿಗೆ ಮನವಿ, ಶಾಸಕರಿಗೆ ಮನವಿ, ಡ್ಯಾಮಿನ ಆಫೀಸಿಗೆ ಮನವಿ ಕೊಟ್ಟು ಕೊಟ್ಟು ಅವರ ಹೆಬ್ಬೆಟ್ಟು ಸವೆದಿದೆ. ಇನ್ನೊಂದು ಕೊಟ್ಟರೆ ಗಂಟೇನು ಹೋಗುತ್ತದೆ? ಕೊನೆಭಾಗದ ರೈತರು ಪಹಣಿ ಝೆರಾಕ್ಸು, ಆಧಾರ ಕಾರ್ಡು ಹಿಡಿದುಕೊಂಡು ಸಾಲು ನಿಂತರು. ಇದು ಎಲ್ಲಿಗೆ ಹೋಗುತ್ತದೆ ಎಂದು ಒಬ್ಬರು ಕೇಳಿದರೆ ಸಂಗಮೇಶ ಸುಳ್ಳು ಹೇಳದೆ "ಹೊರದೇಶಕ್ಕ" ಎಂದ. "ಹಂಗಾದ್ರ ದೊಡ್ಡ ಆಫೀಸು" ಎಂದು ಅವರು ಇನ್ನೂ ನಾಲ್ಕು ಜನರನ್ನು ಕರೆತಂದರು. ವೋಟಿನ ಕೆಳಗೆ ಅಭಿಪ್ರಾಯ ಬರೆಯಲು ಜಾಗವಿತ್ತು. ಅಲ್ಲಿ ಎಲ್ಲರೂ ಸರ್ವೆ ನಂಬರು, ಎಕರೆ, ತೂಬಿನ ಸಂಖ್ಯೆ ಬರೆಸಿದರು.

ಮೂರನೆಯ ದಿನ ಹುಲುಗೇಶ ಅಲ್ಲಿಗೆ ಹೋದಾಗ ಸಾಲಿನಲ್ಲಿ ದೊಡ್ಡಬಸಮ್ಮ ನಿಂತಿದ್ದಳು. ಕೊನೆಯ ತೂಬಿನ ಕೊನೆಯ ಎರಡೂವರೆ ಎಕರೆ ಅವಳದು. ಅರವತ್ತು ದಾಟಿದ ಹೆಂಗಸು, ಹೊಳೆ ಕಣ್ಣಿಗೆ ಕಾಣುವಷ್ಟು ಹತ್ತಿರ, ಹೊಲ ಮಾತ್ರ ದಿನ್ನೆಯಲ್ಲಿ, ಕಾಲುವೆಯೇ ಗತಿ. ಇಪ್ಪತ್ತು ವರ್ಷದಿಂದ ಹುಲುಗೇಶನನ್ನು ಬೈಯುವುದರಲ್ಲಿ ಅವಳದು ಎತ್ತಿದ ಕೈ. ಅಂಥವಳು ಅಂದು ಮೆತ್ತಗೆ ಕೇಳಿದಳು:

"ಹುಲುಗಾ, ಇದಾದ್ರ ನಮ್ಮ ಕೊನಿಗೆ ನೀರು ಬರತೈತೇನಪ್ಪಾ?"

ಯಮ್ಮಾ, ಇದು ಆಟದ ವೋಟು, ಹೊಲದ ನೀರಿನದಲ್ಲ ಎಂದು ಹೇಳಲು ಒಂದು ಉಸಿರು ಸಾಕಿತ್ತು. ಆದರೆ ಸಂಗಮೇಶನ ಕಂಪ್ಯೂಟರಿನಲ್ಲಿ ಕಾಲುವೆ ಸರದಿಯ ಅಂಕಿ ಹಡಗು ಸಮುದ್ರವನ್ನು ಹಿಂದೆ ಹಾಕಿತ್ತು. ಹುಲುಗೇಶ ಆ ಅಂಕಿಯ ಮುಖ ನೋಡಿದ, ದೊಡ್ಡಬಸಮ್ಮನ ಮುಖ ನೋಡಿದ.

"ನೋಡೋಣ ಯಮ್ಮಾ" ಎಂದ.

ವೋಟು ಮುಗಿದ ವಾರಕ್ಕೆ ಕಂಪನಿಯಿಂದ ಪತ್ರ ಬಂತು. ಒಂಬತ್ತು ರಾಜರು ಭಾರಿ ಅಂತರದಲ್ಲಿ ಗೆದ್ದಿದ್ದರು. ನಿಮ್ಮ ಊರಿನಿಂದ ನೂರ ನಲವತ್ತಮೂರು ವೋಟು ಬಂದಿವೆ, ಅವರಲ್ಲಿ ಯಾರೂ ಆಟ ಆಡಿದವರಲ್ಲ, ಹತ್ತು ತಾಸಾದರೂ ಆಡಿದವರ ವೋಟು ಮಾತ್ರ ಲೆಕ್ಕಕ್ಕೆ, ಹಾಗಾಗಿ ಅವನ್ನು ತೆಗೆದುಹಾಕಿದ್ದೇವೆ ಎಂದು ಬರೆದಿದ್ದಳು ಕಂಪನಿಯ ಮೂವರಲ್ಲಿ ಒಬ್ಬಳಾದ ಹೆಂಗಸು. ಇಷ್ಟೇ ಆಗಿದ್ದರೆ ಹುಲುಗೇಶ ನುಂಗಿಕೊಳ್ಳುತ್ತಿದ್ದ. ನಂದಿನಿ ಮುಂದೆ ಓದಿದಳು. "ಆದರೆ ಅವರು ಬರೆದದ್ದನ್ನೆಲ್ಲ ಕಂಪ್ಯೂಟರಿನಿಂದ ಅನುವಾದ ಮಾಡಿಸಿ ಓದಿದೆವು. ದೊಡ್ಡಬಸಮ್ಮ ಎಂಬುವರು ಯಾರು? 'ಭತ್ತ ಹಾಲುಗಾಳು ಕಟ್ಟುವಾಗ ನೀರು ನಿಲ್ಲುತ್ತದೆ, ನೀವು ದೂರದವರು, ಆದರೂ ನಿಮ್ಮ ಕೈಯಲ್ಲಿ ಗೇಟು ಇದೆ ಅಂತೆ, ಎತ್ತಿರಿ' ಎಂದು ಅವರು ಬರೆದಿದ್ದಾರೆ. ನಾವು ಮೂವರೂ ಅದನ್ನು ಮತ್ತೆ ಮತ್ತೆ ಓದಿದೆವು. ಇದು ಏನು?"

ಹುಲುಗೇಶನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ನಡೆದದ್ದನ್ನು ನಡೆದಂತೆ ಹೇಳಿ ಬರೆಸಿದ. ಅವರು ನೀರಿಗೆ ವೋಟು ಹಾಕಿದರು, ಆಟಕ್ಕಲ್ಲ, ನನಗೆ ಗೊತ್ತಿದ್ದೂ ಸುಮ್ಮನಿದ್ದೆ, ತಪ್ಪಾಯಿತು. ಬರೆಸಿ ಮುಗಿಸಿ ಮೈ ಹಗುರಾಯಿತೆಂದು ಕುಳಿತಿದ್ದ. ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ಕಾವೇರಿ ಮೊರದಿಂದ ಕಣ್ಣು ತೆಗೆಯದೆ ಕೇಳಿದಳು:

"ಹೊರದೇಶದಾಕಿಗೆ ಖರೇ ಹೇಳಿದಿ. ಊರಾಗಿನಾಕಿಗೆ ಯಾವಾಗ ಹೇಳ್ತಿ?"

ಮರುದಿನ ಅವನು ಗಾಡಿ ಹತ್ತಿ ಕೊನೆಭಾಗಕ್ಕೆ ಹೋದ. ದೊಡ್ಡಬಸಮ್ಮ ಬದುವಿನ ಮೇಲೆ ಕುಳಿತು ಎಲೆಯಡಿಕೆ ಹಾಕುತ್ತಿದ್ದಳು. ಎಲ್ಲ ಕೇಳಿದಳು. ಅವಳು ಕೂಗಾಡಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಕೂಗಾಡಲಿಲ್ಲ.

"ಇಷ್ಟು ವರ್ಷ ನೀರು ಬರಂಗಿಲ್ಲ ಯಮ್ಮಾ ಅಂತ ಮುಖದ ಮ್ಯಾಲೇ ಹೇಳ್ತಿದ್ದಿ. ನಾನು ಬೈತಿದ್ದೆ. ಆದ್ರ ನೀ ಸುಳ್ಳಾಡಂಗಿಲ್ಲ ಅಂತ ನಂಬಿದ್ದೆ. ಈ ಸಲ ಬಾಯಿ ಮುಚ್ಕೊಂಡು ಸುಳ್ಳಾಡಿದಿ" ಎಂದಳು. ಎಲೆಯಡಿಕೆ ಉಗುಳಿ, "ಅದೇನು ಆಟಪ್ಪಾ, ನನ್ನ ಹೊಲಕ್ಕಿಂತ ದೊಡ್ಡದು?" ಎಂದು ಕೇಳಿದಳು. ಅದು ಇನ್ನೂ ಮಾಡಿಯೇ ಇಲ್ಲ ಯಮ್ಮಾ ಎಂದ ಹುಲುಗೇಶ. ಅವಳು ಎದ್ದು ಸೀರೆ ಕೊಡವಿಕೊಂಡು ಹೊಲದೊಳಕ್ಕೆ ನಡೆದುಬಿಟ್ಟಳು.

ಆ ಮುಂಗಾರಿನಲ್ಲಿ ಕಾಲುವೆಗೆ ನೀರು ಬಂತು, ಸರದಿ ಶುರುವಾಯಿತು. ಹುಲುಗೇಶ ಕೊನೆಯ ತೂಬಿಗೆ ಹೋದಾಗಲೆಲ್ಲ ದೊಡ್ಡಬಸಮ್ಮ ಗೇಟು ನೋಡುತ್ತಿದ್ದಳೇ ಹೊರತು ಅವನನ್ನಲ್ಲ. ಒಂದು ಬೈಗುಳಕ್ಕೂ ಗತಿಯಿಲ್ಲದಂತಾಯಿತು. ಅವನು ಆಟದ ಕಡೆ ತಲೆ ಹಾಕುವುದನ್ನೇ ಬಿಟ್ಟ.

ದಸರೆ ಕಳೆದ ಮೇಲೆ ಕಂಪನಿಯ ಹೆಂಗಸಿನಿಂದ ಇನ್ನೊಂದು ಪತ್ರ ಬಂತು. ವೋಟಿನಲ್ಲಿ ಸೋತ ಮೇಲೂ ನೂರ ನಲವತ್ತಮೂರು ಜನ ತಲೆಯಿಂದ ಹೋಗಲಿಲ್ಲವಂತೆ. ಬಿಡುವಿನಲ್ಲಿ ಒಂದು ಪುಟ್ಟ ಕಾಲುವೆ ಕಟ್ಟಿದ್ದೇವೆ, ಇನ್ನೂ ಮಾರಾಟಕ್ಕಿಲ್ಲ, ಆಡಿ ನೋಡಿ, ಸರಿಯಾಗಿದೆಯೇ, ಇದಕ್ಕೆ ಯಾರಾದರೂ ದುಡ್ಡು ಕೊಟ್ಟಾರೇ, ಹೇಳಿ. ನಂದಿನಿ ಅದನ್ನು ಲ್ಯಾಪ್‌ಟಾಪಿಗೆ ಇಳಿಸಿದಳು. ಹುಲುಗೇಶ ಅದನ್ನು ಮುಟ್ಟಲಿಲ್ಲ.

"ಮೊದ್ಲು ಆಡೋದು ನಾನಲ್ಲ" ಎಂದ.

ದೊಡ್ಡಬಸಮ್ಮನ ಮನೆಗೆ ನಂದಿನಿಯೇ ಹೋಗಿ ಹೇಳಿಬಂದಳು. ಬರುತ್ತಾಳೆಂಬ ಭರವಸೆ ಯಾರಿಗೂ ಇರಲಿಲ್ಲ. ಭಾನುವಾರ ಗೊಬ್ಬರಕ್ಕೆಂದು ಸಿರುಗುಪ್ಪಕ್ಕೆ ಬಂದವಳು ಮಧ್ಯಾಹ್ನ ಬಾಗಿಲಲ್ಲಿ ನಿಂತು, "ಎಲ್ಲೈತಿ ಆ ದೊಡ್ಡ ಆಫೀಸು?" ಎಂದಳು. ಕಾವೇರಿ ಚಾಪೆ ಹಾಸಿದಳು, ಚಹಾ ಕೊಟ್ಟಳು. ಭತ್ತದ ಚೀಲದ ಮೇಲೆ ಲ್ಯಾಪ್‌ಟಾಪ್ ಇಟ್ಟು ನಂದಿನಿ ಪಕ್ಕದಲ್ಲಿ ಕುಳಿತಳು. ಹುಲುಗೇಶ ದೂರ, ಬಚ್ಚಲ ಬಾಗಿಲ ಹತ್ತಿರ ನಿಂತ.

ತೆರೆಯ ಮೇಲೆ ಒಂದು ಕಾಲುವೆ, ಅದರ ಗುಂಟ ಏಳು ಊರು, ಒಂದು ಗೇಟು. ಗೇಟಿನ ಪಕ್ಕ ಟೊಪ್ಪಿಗೆ ಹಾಕಿದ ಒಬ್ಬ ಪುಟ್ಟ ಮನುಷ್ಯ. ರಾಜನೂ ಇಲ್ಲ, ಸಿಂಹಾಸನವೂ ಇಲ್ಲ. ಆಟ ಸಾಗುವುದು ದಿನದ ಲೆಕ್ಕದಲ್ಲಿ. ಪ್ರತಿ ಊರಿನ ಮೇಲೂ ಒಂದು ಮುಖ ಮೂಡಿ ಏನೋ ಹೇಳುತ್ತಿತ್ತು, ನಂದಿನಿ ಓದಿ ಹೇಳುತ್ತಿದ್ದಳು.

"ಕೊನೇ ಊರಿಗೆ ಬಿಡು ಎಲ್ಲಾ ನೀರು" ಎಂದಳು ದೊಡ್ಡಬಸಮ್ಮ, ಯೋಚನೆಯನ್ನೇ ಮಾಡದೆ.

ಬಿಟ್ಟರು. ನೀರು ಕೊನೆ ಮುಟ್ಟಲು ಮೂರು ದಿನ ಬೇಕು. ಎರಡನೆಯ ದಿನವೇ ತಲೆಯ ಊರಿನವರು ಬಂದು ಗೇಟು ಮುರಿದರು. ಆಟ ಮುಗಿಯಿತು. "ಕಳ್ಳರು!" ಎಂದು ದೊಡ್ಡಬಸಮ್ಮ ತೆರೆಗೆ ಬೈದಳು. ಮತ್ತೆ ಶುರು. ಈ ಸಲ ಎಲ್ಲರಿಗೂ ಸಮ ಪಾಲು ಮಾಡಿದಳು. ಸಮ ಪಾಲು ಮಾಡಿದ ನೀರು ಹರಿಯುತ್ತ ಹರಿಯುತ್ತ ಇಂಗಿ, ಕೊನೆ ಊರಿಗೆ ಮುಟ್ಟಿದ್ದು ರಾಡಿ. ಕೊನೆ ಊರಿನ ಮೇಲೆ ಒಬ್ಬ ಮುದುಕಿಯ ಮುಖ ಮೂಡಿತು. ನಂದಿನಿ ಓದಲು ಹಿಂಜರಿದಳು. "ಓದು" ಎಂದಳು ದೊಡ್ಡಬಸಮ್ಮ. ಆ ಮುದುಕಿ ಹೇಳಿದ್ದು ಬೇರೇನಲ್ಲ, ನಿಮ್ಮ ಕೈಯಲ್ಲಿ ಗೇಟು ಇದೆ ಅಂತೆ, ಎತ್ತಿರಿ, ಎಂದು.

ದೊಡ್ಡಬಸಮ್ಮ ಬಹಳ ಹೊತ್ತು ಆ ಮುಖ ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೂರನೆಯ ಸಲ ಕುಳಿತಳು. ಈಗ ಅವಳು ಬೇರೆಯೇ ಹೆಂಗಸು. ತಲೆಯ ಊರಿಗೆ ಬೆಳಗಿನ ನಾಲ್ಕು ತಾಸು ಬಿಡು, ಅವರ ಬಾಯಿ ಮುಚ್ಚಲಿ. ಈಗ ಇಳಿಸು. ನಡುವಿನ ಊರಿನವ ಕದೀತಾನ, ಅಲ್ಲಿಗೆ ಓಡು. ಈಗ ಕೊನಿಗೆ ಬಿಡು. ಅಯ್ಯೋ ಮತ್ತ ತಲಿಯವ ಎತ್ತಿದ, ವಾಪಸ್ ಓಡು. ಟೊಪ್ಪಿಗೆಯ ಮನುಷ್ಯ ಕಾಲುವೆ ಏರಿಯ ಮೇಲೆ ಅತ್ತ ಇತ್ತ ಓಡಿದ್ದೇ ಓಡಿದ್ದು. ಹತ್ತು ದಿನ, ಹನ್ನೊಂದು ದಿನ. ಏಳೂ ಊರಿನ ಮುಖಗಳು ಅವನನ್ನು ಬೈಯುತ್ತಲೇ ಇದ್ದವು. ಆದರೆ ಯಾವ ಊರೂ ಒಣಗಲಿಲ್ಲ.

ಹನ್ನೆರಡನೆಯ ದಿನ ದೊಡ್ಡಬಸಮ್ಮ ಕೈ ಹಿಂದಕ್ಕೆ ತೆಗೆದಳು.

"ಇದ್ರಾಗ ಇವ ಊಟಕ್ಕ ಯಾವಾಗ ಹೋಗ್ತಾನ?" ಎಂದು ಕೇಳಿದಳು.

ನಂದಿನಿ ತೆರೆಯಲ್ಲಿ ಹುಡುಕಿದಳು. ಅಂಥದೊಂದು ಗುಂಡಿ ಇರಲಿಲ್ಲ. ಅವಳು ತಿರುಗಿ ಅಪ್ಪನನ್ನು ನೋಡಿದಳು. ದೊಡ್ಡಬಸಮ್ಮನೂ ತಿರುಗಿ ನೋಡಿದಳು, ಮೂರು ತಿಂಗಳಲ್ಲಿ ಮೊದಲ ಸಲ.

"ಹೋಗಂಗಿಲ್ಲ ಯಮ್ಮಾ" ಎಂದ ಹುಲುಗೇಶ. "ಸರದಿ ಇದ್ದ ದಿನ ಆಗಂಗಿಲ್ಲ. ಹನ್ನೆರಡಕ್ಕ ತಲಿಭಾಗದ್ದು ಇಳಿಸಬೇಕು. ಊಟಕ್ಕ ಕುಂತ್ರ ಅಷ್ಟರಾಗ ಯಾರರ ಎತ್ತಿಬಿಡ್ತಾರ. ನಿಮ್ಮ ಕೊನಿಗೆ ಬರೋದು ಅರ್ಧ ತಾಸಿನ ನೀರು. ಅದೂ ಹೋಗತೈತಿ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಕಾವೇರಿ ಗೂಟಕ್ಕೆ ತೂಗುಹಾಕಿದ್ದ ಡಬ್ಬಿಯ ಚೀಲವನ್ನು ನೋಡಿದಳು. ಇಪ್ಪತ್ತೆರಡು ವರ್ಷದ ಲೆಕ್ಕ ಅವಳ ತಲೆಯಲ್ಲಿ ಓಡಿರಬೇಕು. ಒಳಗೆ ಹೋಗಿ ಒಲೆಯ ಮುಂದೆ ಕುಳಿತುಬಿಟ್ಟಳು. ಅವಳು ಅಳುತ್ತಿದ್ದಳು, ಖಾರದ ಹೊಗೆಯ ನೆಪವೂ ಅಂದು ಇರಲಿಲ್ಲ.

ಕಂಪನಿಗೆ ಅಂದೇ ಉತ್ತರ ಹೋಯಿತು. ಗೇಟು ಸರಿ, ನೀರು ಹರಿಯುವ ದಿನಗಳ ಲೆಕ್ಕ ಸರಿ, ಬೈಗುಳ ಇನ್ನೂ ಸ್ವಲ್ಪ ಜಾಸ್ತಿಯಾಗಬೇಕು. ಒಂದೇ ಒಂದು ಕಡಿಮೆಯಾಗಿದೆ: ಅವನಿಗೆ ಊಟ ಇಲ್ಲ. ಕೊನೆಯ ಊರಿನ ಮುದುಕಿ ಒಂದು ದಿನ ರೊಟ್ಟಿ ತರಲಿ, ಅದರಿಂದ ನೀರೂ ಹೆಚ್ಚಬಾರದು, ಗೆಲುವೂ ಸಿಗಬಾರದು, ಸುಮ್ಮನೆ ತರಲಿ, ಎಂದು ದೊಡ್ಡಬಸಮ್ಮನ ಹೆಸರಿನಲ್ಲೇ ಬರೆಸಿದರು. ದುಡ್ಡು ಕೊಟ್ಟು ಕೊಳ್ಳುತ್ತಾರೆಯೇ ಎಂಬ ಪ್ರಶ್ನೆಗೆ ದೊಡ್ಡಬಸಮ್ಮ, "ಬೈಸ್ಕೊಂಡಾದ ಮ್ಯಾಲ ಕೊಡ್ತಾರ, ಮೊದ್ಲು ಕೊಡಂಗಿಲ್ಲ" ಎಂದಿದ್ದಳು. ಅದನ್ನೂ ಬರೆದರು.

ಸಂಕ್ರಾಂತಿ ಮುಗಿದ ಮೇಲೆ ಆ ಕಾಲುವೆ ಒಂಬತ್ತು ರಾಜರ ಜೊತೆ ಒಂದು ಮೂಲೆಯಲ್ಲಿ ಸೇರಿಕೊಂಡು ಮಾರಾಟಕ್ಕೆ ಬಂತು. ರಾಜರ ಬಗ್ಗೆ ಆಡಿದವರು ಅಷ್ಟೇನೂ ಮಾತಾಡಲಿಲ್ಲ. ಕಾಲುವೆ ಬಹಳ ಕಷ್ಟ, ನ್ಯಾಯವಿಲ್ಲ, ಎಲ್ಲರೂ ಬೈಯುತ್ತಾರೆ ಎಂದು ದೂರಿದವರು ಬೇಕಾದಷ್ಟು ಜನ. ಒಬ್ಬ ಬರೆದಿದ್ದ: ರೊಟ್ಟಿ ತರುವ ಮುದುಕಿಯಿಂದ ಆಟಕ್ಕೆ ಕವಡೆ ಕಾಸಿನ ಉಪಯೋಗವಿಲ್ಲ, ದಯವಿಟ್ಟು ಆಕೆಯನ್ನು ತೆಗೆಯಬೇಡಿ. ನಂದಿನಿ ಅದನ್ನು ಎರಡು ಸಲ ಓದಿ ಹೇಳಿದಳು.

ಆದರೆ ಹುಲುಗೇಶನಿಗೆ ತನ್ನ ಕೊಸರು ಸಿಕ್ಕಿದ್ದು ಅದಕ್ಕೂ ಎಷ್ಟೋ ಮೊದಲು, ಆ ಭಾನುವಾರ ಕಳೆದ ಎಂಟನೆಯ ದಿನಕ್ಕೆ. ಭತ್ತ ಹಾಲುಗಾಳು ಕಟ್ಟುವ ಹೊತ್ತು. ಕೊನೆಯ ತೂಬಿನ ಸರದಿ. ತಲೆಭಾಗದ ಗೇಟು ಇಳಿಸಿ, ನಡುವಿನ ಇಬ್ಬರ ಹತ್ತಿರ ಜಗಳವಾಡಿ ಅವನು ಕೊನೆ ಮುಟ್ಟುವಷ್ಟರಲ್ಲಿ ಬಿಸಿಲು ಇಳಿಯುತ್ತಿತ್ತು. ಕಾವೇರಿ ಈಗ ಡಬ್ಬಿಯಲ್ಲಿ ಗಾಡಿ ಓಡಿಸುತ್ತಲೇ ತಿನ್ನಲು ಬರುವಂತೆ ರೊಟ್ಟಿ ಸುತ್ತಿ ಇಡುತ್ತಿದ್ದಳು, ಆದರೂ ಅಂದು ಅದನ್ನು ತೆರೆಯಲು ಆಗಿರಲಿಲ್ಲ. ದೊಡ್ಡಬಸಮ್ಮ ತೂಬಿನ ಹತ್ತಿರ ಕಾದು ನಿಂತಿದ್ದಳು. ಅವನು ಗೇಟು ಎತ್ತಿದ. ನೀರು ಬಂತು. ಅವಳು ಬಗ್ಗಿ ಕಾಲುವೆಯಲ್ಲಿ ಬೆರಳಿಟ್ಟು ಅಳೆದಳು.

"ನಾಕು ಬೆರಳು ಕಮ್ಮಿ ಐತಿ!" ಎಂದು ಹಳೆಯ ದನಿಯಲ್ಲಿ ಗುಡುಗಿದಳು. ಹುಲುಗೇಶನಿಗೆ ಜೀವ ಬಂದಂತಾಯಿತು.

ಅವನು ಬಾಯಿ ತೆರೆಯುವಷ್ಟರಲ್ಲಿ ಅವಳು ಮಡಿಲಿನಿಂದ ಬಟ್ಟೆಯ ಗಂಟೊಂದನ್ನು ತೆಗೆದು ಗೇಟಿನ ಕಟ್ಟೆಯ ಮೇಲೆ ಇಟ್ಟು ಬಿಚ್ಚಿದಳು. ಎರಡು ಸಜ್ಜೆ ರೊಟ್ಟಿ, ಪುಂಡಿಪಲ್ಯ, ಒಂದು ಉಳ್ಳಾಗಡ್ಡಿ.

"ಗೇಟು ನಾನು ನೋಡ್ಕೋತೀನಿ. ಮೊದ್ಲು ತಿನ್ನು. ಆಮ್ಯಾಲ ಬೈತೀನಿ" ಎಂದಳು.

ಅವನು ಕಟ್ಟೆಯ ಮೇಲೆ ಕುಳಿತು ತಿಂದ. ಅವಳು ಹಿಡಿಕೆಯ ಮೇಲೆ ಕೈಯಿಟ್ಟು, ಅತ್ತ ಇತ್ತ ಯಾರಾದರೂ ಬರುತ್ತಾರೆಯೇ ಎಂದು ಏರಿಯ ಉದ್ದಕ್ಕೂ ನೋಡುತ್ತಾ ನಿಂತಳು. ಅವನು ಕೈ ತೊಳೆದುಕೊಂಡು ಎದ್ದ ಮೇಲೆ ಆಕೆ ಕೊಟ್ಟ ಮಾತಿಗೆ ತಪ್ಪಲಿಲ್ಲ, ಹೊಟ್ಟೆ ತುಂಬ ಬೈದಳು.